‘ಬಂದದ್ದನ್ನು ಹಾಗೇ ಕಳಿಸಿದ್ದೇನೆ’ ಎಂದರೆ ಕಾನೂನು ಬಿಡುತ್ತದೆಯೇ?

ವರ್ಷಗಳಿಂದ ವಾಟ್ಸಾಪ್‌ನಲ್ಲಿ ಸುತ್ತುತ್ತಿರುವ ಒಂದು ಸಂದೇಶವಿದೆ. ನಾಳೆಯಿಂದ ಹೊಸ ನಿಯಮ ಜಾರಿಯಾಗುತ್ತದೆ, ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ, ಸಂದೇಶದ ಪಕ್ಕ ಮೂರು ಕೆಂಪು ಗುರುತು ಬಂದರೆ ನಿಮ್ಮ ಮೇಲೆ ಸರ್ಕಾರ ಕ್ರಮ ಕೈಗೊಂಡಿದೆ ಎಂದರ್ಥ, ಗುಂಪಿನಲ್ಲಿ ಯಾರು ಏನೇ ಹಾಕಿದರೂ ಅಡ್ಮಿನ್ ಜೈಲಿಗೆ ಹೋಗುತ್ತಾನೆ ಎಂದೆಲ್ಲ ಅದರಲ್ಲಿರುತ್ತದೆ. ಇದನ್ನು ನಂಬಿ ಹೆದರುವವರು ಒಂದು ಕಡೆ. ‘ನಾನೇನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೇ’ ಎಂದು ಧೈರ್ಯವಾಗಿರುವವರು ಇನ್ನೊಂದು ಕಡೆ. ಇಬ್ಬರ ಲೆಕ್ಕವೂ ತಪ್ಪು. ಏಕೆ ಎಂದು ಒಂದೊಂದಾಗಿ ನೋಡೋಣ.

ಕೆಂಪು ಗುರುತಿನ ಕಥೆ

ವಾಟ್ಸಾಪ್‌ನಲ್ಲಿ ಕೆಂಪು ಗುರುತು ಎಂಬುದೇ ಇಲ್ಲ. ಒಂದು ಬೂದು ಗುರುತು ಬಂದರೆ ಸಂದೇಶ ಹೋಗಿದೆ, ಎರಡು ಬಂದರೆ ತಲುಪಿದೆ, ಎರಡೂ ನೀಲಿಯಾದರೆ ಓದಿದ್ದಾರೆ ಎಂದರ್ಥ. ಇದು ಸುಳ್ಳು ಸಂದೇಶ ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೂ ಹೇಳಿದೆ. 2016ರ ಏಪ್ರಿಲ್‌ನಿಂದ ವಾಟ್ಸಾಪ್ ಸಂದೇಶಗಳು ಕಳಿಸಿದವರ ಫೋನಿನಲ್ಲೇ ಗೂಢಲಿಪಿಯಾಗಿ, ಪಡೆದವರ ಫೋನಿನಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತವೆ. ನಡುವೆ ಕಂಪನಿಗೂ ಅವುಗಳನ್ನು ಓದಲು ಆಗುವುದಿಲ್ಲ.

ಹಾಗಾದರೆ ಪೊಲೀಸರಿಗೆ ಗೊತ್ತಾಗುವುದು ಹೇಗೆ? ಗುಂಪಿನಲ್ಲಿ ಇನ್ನೂರು ಜನರಿದ್ದರೆ ಇನ್ನೂರು ಫೋನುಗಳಲ್ಲಿ ಆ ಸಂದೇಶ ಇರುತ್ತದೆ, ಕಳಿಸಿದವರ ನಂಬರೂ ಇರುತ್ತದೆ. ಅವರಲ್ಲಿ ಒಬ್ಬರು ಠಾಣೆಗೆ ಹೋಗಿ ಫೋನ್ ತೋರಿಸಿದರೆ ಸಾಕು. ಬೀಗ ಇರುವುದು ದಾರಿಯಲ್ಲಿ ಮಾತ್ರ, ಎರಡೂ ತುದಿಯಲ್ಲಿ ಬಾಗಿಲು ತೆರೆದೇ ಇರುತ್ತದೆ.

ಫಾರ್ವರ್ಡ್ ಮಾಡಿದವರು ಹೊಣೆಯೇ?

ಹೌದು. ಇದಕ್ಕೆ ಒಳ್ಳೆಯ ಉದಾಹರಣೆ ಪಕ್ಕದ ತಮಿಳುನಾಡಿನದು. ನಟ ಹಾಗೂ ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಪತ್ರಕರ್ತೆಯರನ್ನು ಅವಮಾನಿಸುವ ಬರಹವೊಂದನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡರು. ಬರೆದವರು ಬೇರೆ. ತಾವು ಅದನ್ನು ಓದದೆ ಫಾರ್ವರ್ಡ್ ಮಾಡಿದ್ದಾಗಿ ಅವರು ವಾದಿಸಿದರು. ಬರಹವನ್ನು ಅಳಿಸಿದ್ದರು, ಕ್ಷಮೆಯನ್ನೂ ಕೇಳಿದ್ದರು. ಆದರೂ ಮದ್ರಾಸ್ ಹೈಕೋರ್ಟ್ 2023ರ ಜುಲೈಯಲ್ಲಿ ಪ್ರಕರಣ ರದ್ದು ಮಾಡಲು ಒಪ್ಪಲಿಲ್ಲ. ಸಂದೇಶ ಬಿಲ್ಲಿನಿಂದ ಹೊರಟ ಬಾಣದಂತೆ, ಹೊರಟ ಮೇಲೆ ಕಳಿಸಿದವರೇ ಅದರ ಪರಿಣಾಮಕ್ಕೆ ಹೊಣೆ ಎಂಬುದು ಆ ತೀರ್ಪಿನ ಸಾರ. ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲಿಲ್ಲ. 2024ರ ಫೆಬ್ರುವರಿಯಲ್ಲಿ ಅವರಿಗೆ ಒಂದು ತಿಂಗಳ ಜೈಲು ಶಿಕ್ಷೆ ವಿಧಿಸಲಾಯಿತು. 2025ರ ಜನವರಿಯಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

‘66ಎ ಕಲಂ ರದ್ದಾಗಿದೆ, ಇನ್ನೇನೂ ಮಾಡಲಾಗದು’ ಎನ್ನುವವರೂ ಇದ್ದಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದ್ದು ನಿಜ. ಉಳಿದ ಕಾನೂನುಗಳು ಹಾಗೇ ಇವೆ:

• ಜನರಲ್ಲಿ ಭಯ ಅಥವಾ ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವಂಥ ಸುಳ್ಳು ಸುದ್ದಿ, ವದಂತಿ ಹರಡುವುದು: ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ, 3 ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ.

• ಒಬ್ಬರ ಮಾನಹಾನಿ: 356ನೇ ಕಲಂ, 2 ವರ್ಷದವರೆಗೆ.

• ಅಶ್ಲೀಲ ವಿಡಿಯೊ, ಚಿತ್ರ ಕಳಿಸುವುದು: ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ, ಮೊದಲ ಸಲವೇ 3 ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿವರೆಗೆ ದಂಡ. ಮಕ್ಕಳ ಅಶ್ಲೀಲ ಚಿತ್ರವಾದರೆ ಇನ್ನೂ ಕಠಿಣ.

• ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹರಡಿ ಜನ ಗಾಬರಿಯಾಗುವಂತೆ ಮಾಡುವುದು: 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಂ, 1 ವರ್ಷದವರೆಗೆ ಜೈಲು ಅಥವಾ ದಂಡ.

353ನೇ ಕಲಮಿನಲ್ಲಿ ಒಂದು ವಿನಾಯಿತಿಯೂ ಇದೆ. ಸುದ್ದಿ ನಿಜವೆಂದು ನಂಬಲು ತಕ್ಕ ಕಾರಣವಿದ್ದು, ಸದುದ್ದೇಶದಿಂದ, ಕೆಟ್ಟ ಇರಾದೆಯಿಲ್ಲದೆ ಹೇಳಿದ್ದರೆ ಅದು ಅಪರಾಧವಲ್ಲ. ಇಲ್ಲಿರುವ ಮುಖ್ಯ ಮಾತು ‘ತಕ್ಕ ಕಾರಣ’. ಇಂಥವರನ್ನು ಕೇಳಿದೆ, ಇಂಥಲ್ಲಿ ನೋಡಿದೆ ಎಂದು ಹೇಳುವವರ ಬಳಿ ಕಾರಣವಿದೆ. ‘ಬಂದದ್ದನ್ನು ಹಾಗೇ ಕಳಿಸಿದ್ದೇನೆ’ ಎನ್ನುವವರು ತಮ್ಮ ಬಳಿ ಯಾವ ಕಾರಣವೂ ಇರಲಿಲ್ಲ ಎಂದು ತಾವೇ ಬರೆದುಕೊಟ್ಟಂತೆ. ರಕ್ಷಣೆ ಎಂದು ಸೇರಿಸಿದ ಸಾಲೇ ಅವರ ವಿರುದ್ಧ ನಿಲ್ಲುತ್ತದೆ.

ಅಡ್ಮಿನ್ ಕಥೆ ಏನು?

ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಸದಸ್ಯರ ತಪ್ಪನ್ನು ಅವರ ತಲೆಗೆ ಕಟ್ಟಲಾಗದು ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿವೆ. ಸದಸ್ಯರನ್ನು ಸೇರಿಸುವುದು, ತೆಗೆಯುವುದು ಅಡ್ಮಿನ್ ಕೈಯಲ್ಲಿದೆ. ಅವರು ಏನು ಬರೆಯುತ್ತಾರೆ ಎಂಬುದನ್ನು ಮೊದಲೇ ತಡೆಯುವುದು ಅವರ ಕೈಯಲ್ಲಿಲ್ಲ. ಆದರೆ ಅಡ್ಮಿನ್ ತಾವೇ ಕಳಿಸಿದ್ದರೆ, ಸದಸ್ಯರ ಜೊತೆ ಸೇರಿ ಮಾಡಿದ್ದರೆ, ಅಡ್ಮಿನ್ ಪಟ್ಟ ಕಾಪಾಡುವುದಿಲ್ಲ.

ಕಂಪನಿಗೆ ಛತ್ರಿ, ನಮಗಿಲ್ಲ

ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಪ್ರಕಾರ, ಬಳಕೆದಾರರು ಹಾಕಿದ್ದಕ್ಕೆ ವಾಟ್ಸಾಪ್, ಫೇಸ್‌ಬುಕ್, ಯೂಟ್ಯೂಬ್‌ನಂಥ ಕಂಪನಿಗಳು ಸಾಮಾನ್ಯವಾಗಿ ಹೊಣೆಯಲ್ಲ. ನಿಯಮ ಪಾಲಿಸಬೇಕು, ಕೋರ್ಟ್ ಅಥವಾ ಸರ್ಕಾರ ಕಾನೂನು ಪ್ರಕಾರ ಹೇಳಿದಾಗ ತೆಗೆಯಬೇಕು, ಅಷ್ಟೇ. ಸಂದೇಶ ಮೊದಲು ಕಳಿಸಿದವರು ಯಾರೆಂದು ಕೋರ್ಟ್ ಅಥವಾ ಸರ್ಕಾರ ಆದೇಶಿಸಿದಾಗ ತಿಳಿಸಬೇಕು ಎಂದು 2021ರ ನಿಯಮಗಳು ಹೇಳಿದಾಗ, ಗೂಢಲಿಪಿ ಮುರಿಯದೆ ಅದು ಆಗದು ಎಂದು ವಾಟ್ಸಾಪ್ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಹೀಗೆ ವಾದ ಮಾಡಲು ಕಂಪನಿಗೆ ದೊಡ್ಡ ವಕೀಲರಿದ್ದಾರೆ. ಕೂಡ್ಲಿಗಿಯಲ್ಲಿ ಕೂತು ಫಾರ್ವರ್ಡ್ ಒತ್ತಿದವರಿಗೆ 79ನೇ ಕಲಮಿನ ನೆರಳೂ ಇಲ್ಲ.

ನಮ್ಮ ಐದು ತಾಲ್ಲೂಕುಗಳಲ್ಲಿ ಪರೀಕ್ಷಿಸಿ ನೋಡೋಣ

ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋಯಿತು. ಅಂಥ ರಾತ್ರಿ ‘ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗುತ್ತಿದೆ, ಕೂಡಲೇ ಮನೆ ಬಿಡಿ’ ಎಂಬ ಸಂದೇಶ ಬಂತು ಎಂದುಕೊಳ್ಳಿ. ಒಂದು ನಿಮಿಷ ಯೋಚಿಸಿದರೆ ಸುಳ್ಳು ಗೊತ್ತಾಗುತ್ತದೆ. ಈ ಎರಡೂ ತಾಲ್ಲೂಕುಗಳು ಜಲಾಶಯದ ಹಿನ್ನೀರಿನ ಕಡೆಗಿವೆ. ಗೇಟು ಹೋದರೆ ನೀರು ಕೆಳಕ್ಕೆ, ಕಂಪ್ಲಿ, ಗಂಗಾವತಿ ದಿಕ್ಕಿಗೆ ಹರಿಯುತ್ತದೆ, ಮೇಲಕ್ಕೆ ಏರುವುದಿಲ್ಲ. ನಡುರಾತ್ರಿ ಮುದುಕರು, ಮಕ್ಕಳನ್ನು ಕಟ್ಟಿಕೊಂಡು ಜನ ಓಡಿದರೆ ಆಗುವ ಅನಾಹುತಕ್ಕೆ ಆ ಫಾರ್ವರ್ಡೇ ಕಾರಣ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾರೆ. ಅದು ಒಂದೇ ಸಾಲು, ಸಾವಿರಾರು ಜನರ ಎದುರಿಗೆ. ನುಡಿದವರು ಯಾರು, ಎಂದು, ಎಲ್ಲಿ ಎಂಬುದಕ್ಕೆ ಇಡೀ ಜಾತ್ರೆಯೇ ಸಾಕ್ಷಿ. ಫಾರ್ವರ್ಡ್ ಆಗಿ ಬಂದ ‘ಈ ವರ್ಷದ ಕಾರಣಿಕ’ಕ್ಕೆ ಅಂಥ ಸಾಕ್ಷಿ ಇಲ್ಲ. ಅದು ಹಳೆಯದಿರಬಹುದು, ಯಾರೋ ತಮ್ಮ ಪಕ್ಷಕ್ಕೆ ಬೇಕಾದಂತೆ ತಿದ್ದಿದ್ದಿರಬಹುದು. ಜಾತ್ರೆಗೆ ಹೋದವರೊಬ್ಬರಿಗೆ ಫೋನ್ ಮಾಡಿದರೆ ತಿಳಿಯುತ್ತದೆ.

ಕೊಟ್ಟೂರಿನಲ್ಲಿ 2017ರ ಫೆಬ್ರುವರಿಯಲ್ಲಿ ಗುರು ಬಸವೇಶ್ವರ ಸ್ವಾಮಿಯ ರಥ ಉರುಳಿಬಿದ್ದದ್ದು ನಿಜ. ಅದೇ ವಿಡಿಯೊ ‘ಇಂದು ಈಗಷ್ಟೇ’ ಎಂದು ಬಂದರೆ, ರಥೋತ್ಸವಕ್ಕೆ ಮಕ್ಕಳನ್ನು ಕಳಿಸಿದ ಮನೆಯವರ ಎದೆ ಒಡೆಯುತ್ತದೆ. ದೃಶ್ಯ ನಿಜ, ದಿನಾಂಕ ಸುಳ್ಳು. ನಿಜವಾದ ವಿಡಿಯೊ ಕೂಡ ಸುಳ್ಳು ಸುದ್ದಿಯಾಗುವುದು ಹೀಗೆ.

ಹರಪನಹಳ್ಳಿಯ ಯಾವುದೋ ಅಂಗಡಿಯ ಫೋಟೊ ಹಾಕಿ ‘ಇಲ್ಲಿ ಕಲಬೆರಕೆ ಎಣ್ಣೆ, ಯಾರೂ ಕೊಳ್ಳಬೇಡಿ’ ಎಂದು ಕಳಿಸಿದರೆ ಏನಾಗುತ್ತದೆ? ಒಂದೇ ಸಂಜೆಗೆ ವ್ಯಾಪಾರ ನಿಲ್ಲಬಹುದು. ಅನುಮಾನ ನಿಜವೇ ಇದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡುವ ದಾರಿ ಇದೆ. ಪರೀಕ್ಷೆಯಾಗದೆ ಹರಡಿದರೆ ಅಂಗಡಿಯವರು ಮಾನಹಾನಿ ಮೊಕದ್ದಮೆ ಹೂಡಬಹುದು, ಪರಿಹಾರವನ್ನೂ ಕೇಳಬಹುದು.

ಎಲ್ಲಕ್ಕಿಂತ ದೊಡ್ಡ ಪಾಠ ನಮ್ಮ ರಾಜ್ಯದ್ದೇ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಎಂಬ ವದಂತಿ ನಂಬಿದ ಗುಂಪು ಹೈದರಾಬಾದ್ ಕಡೆಯಿಂದ ಬಂದಿದ್ದವರ ಮೇಲೆ ಹಲ್ಲೆ ಮಾಡಿತು. ಅವರು ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು. ಒಬ್ಬ ಯುವ ಎಂಜಿನಿಯರ್ ಜೀವ ಹೋಯಿತು. ವಾಟ್ಸಾಪ್ ಗುಂಪಿನ ಅಡ್ಮಿನ್ ಸೇರಿದಂತೆ ಹಲವರು ಬಂಧನಕ್ಕೊಳಗಾದರು. ದೇಶದಲ್ಲಿ ನಡೆದ ಇಂಥ ಸಾವುಗಳ ನಂತರವೇ ವಾಟ್ಸಾಪ್ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ತಂದದ್ದು. 2020ರ ಏಪ್ರಿಲ್‌ನಿಂದ, ಹಲವು ಬಾರಿ ಫಾರ್ವರ್ಡ್ ಆಗಿ ಜೋಡಿ ಬಾಣದ ಗುರುತು ಬಿದ್ದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ಜೋಡಿ ಬಾಣ ಕಂಡರೆ, ಅದು ಬಹಳ ಕೈ ದಾಟಿ ಬಂದಿದೆ, ಮೂಲ ಯಾರಿಗೂ ಗೊತ್ತಿಲ್ಲ ಎಂದು ತಿಳಿಯಿರಿ.

ಹಾಗಾದರೆ ಏನು ಮಾಡಬೇಕು?

ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾರು ಹೇಳಿದ್ದು? ಯಾವ ದಿನದ್ದು? ಯಾವ ಊರಿನದು? ಒಂದಕ್ಕೂ ಉತ್ತರವಿಲ್ಲದಿದ್ದರೆ ಕಳಿಸಬೇಡಿ. ಮಕ್ಕಳ ಕಳ್ಳರು, ಪ್ರವಾಹ, ಗಲಭೆ ಎಂಬ ಸುದ್ದಿಯಾದರೆ ಗುಂಪಿಗೆ ಹಾಕುವ ಬದಲು 112ಕ್ಕೆ ಕರೆ ಮಾಡಿ. ಸುದ್ದಿ ನಿಜವಿದ್ದರೆ ನೆರವು ಬರುತ್ತದೆ, ಸುಳ್ಳಾದರೆ ಅಲ್ಲೇ ನಿಲ್ಲುತ್ತದೆ. ತಪ್ಪಾಗಿ ಕಳಿಸಿಬಿಟ್ಟಿದ್ದರೆ ಕೂಡಲೇ ‘ಎಲ್ಲರಿಗೂ ಅಳಿಸು’ ಒತ್ತಿ, ಅದು ಸುಳ್ಳು ಎಂದು ಅದೇ ಗುಂಪಿನಲ್ಲಿ ಬರೆಯಿರಿ. ಶೇಖರ್ ಪ್ರಕರಣದಲ್ಲಿ ನೋಡಿದಂತೆ ಅಳಿಸಿದರೆ ಅಪರಾಧ ಅಳಿಯುವುದಿಲ್ಲ. ಆದರೆ ಇನ್ನೂ ಹತ್ತು ಕೈಗೆ ಹೋಗುವುದು ನಿಲ್ಲುತ್ತದೆ, ಒಂದು ಜೀವ ಉಳಿಸಲು ಕೆಲವೊಮ್ಮೆ ಅಷ್ಟು ಸಾಕು.