ಮಡಿಚುವ ಮನೆ

ಅಡಿಪಾಯ ಹಾಕಿ, ಗೋಡೆ ಎಬ್ಬಿಸಿ, ಕಟ್ಟಕಡೆಗೆ ಮಾಡು ಹೊದಿಸುವುದು ಮನೆ ಕಟ್ಟುವ ಕ್ರಮವೆಂದು ನಾವೆಲ್ಲ ತಿಳಿದಿದ್ದೇವೆ. ಮೊದಲು ಮಾಡನ್ನೇರಿಸಿ, ಅನಂತರ ಗೋಡೆಯನ್ನು ಬಿಚ್ಚುವ ಮನೆಯೊಂದರಲ್ಲಿ ಮೂರು ರಾತ್ರಿ ಮಲಗಿ ಬಂದವನು ನಾನು. ವಾಚಕರು ನಂಬಬೇಕು.

2023ರ ಜೂನ್ ತಿಂಗಳಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿ ಬೇಸಗೆ ಬಂತೆಂದರೆ ಸಂಸಾರವಂದಿಗರು ಸರೋವರಗಳ ದಡಕ್ಕೆ ಹೋಗಿ ಬಿಡಾರ ಹೂಡುವ ವಾಡಿಕೆಯುಂಟು. ಭಾವನ ಬಳಿ ಅದಕ್ಕಾಗಿಯೇ ಹಳೆಯ 'ಪಾಪ್-ಅಪ್ ಕ್ಯಾಂಪರ್' ಇತ್ತು. 1996ರಲ್ಲಿ ತಯಾರಾದದ್ದು, ಮಗನಿಗೆ ನಾಲ್ಕು ವರ್ಷವಾಗಿದ್ದಾಗ, 2010ರಲ್ಲಿ, ಯಾರಿಂದಲೋ ಕೊಂಡದ್ದು. ನೋಡಲು ಎರಡು ಚಕ್ರದ ಮೇಲೆ ಕೂರಿಸಿದ ದೊಡ್ಡ ಪೆಟ್ಟಿಗೆ. "ಭಾವ, ಸಾಮಾನೇನೋ ಇದರಲ್ಲಿ ಹಿಡಿಯುತ್ತದೆ. ನಾವು ಮಲಗುವುದು ಎಲ್ಲಿ?" ಎಂದೆ. "ಇದರಲ್ಲೇ ಕಣಯ್ಯ" ಎಂದರು ಭಾವ. "ಇದೇ ಕೊನೆಯ ಸಲ. ಹಿಂದಿರುಗಿದ ಮೇಲೆ ಮಾರಿಬಿಡುತ್ತೇನೆ."

ನಾವು ಹೋದದ್ದು ಲಡಿಂಗ್ಟನ್ ಉದ್ಯಾನಕ್ಕೆ. ಅದರ ಒಂದು ಬದಿಗೆ ಮಿಷಿಗನ್ ಸರೋವರ. ಅದರ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಮೂರರಲ್ಲೊಂದು ಪಾಲಿಗಿಂತ ತುಸು ಕಡಿಮೆ! ಆಚೆಯ ದಡ ಕಾಣಿಸದು. ಇನ್ನೊಂದು ಬದಿಗೆ ಹ್ಯಾಮ್ಲಿನ್ ಸರೋವರ. ಮರದ ವ್ಯಾಪಾರದವರು 19ನೆಯ ಶತಮಾನದಲ್ಲಿ ನದಿಗೆ ಒಡ್ಡು ಕಟ್ಟಿದ್ದರಿಂದ ಆದ ಕೆರೆಯಿದು. ಏರಿಯಿದ್ದರೆ ಅದು ನಮ್ಮ ಕಡೆಯದೇ ಎನ್ನಿಸಿ, ಅದರ ಹತ್ತಿರವೇ ನನಗೆ ಹೆಚ್ಚು ನೆಮ್ಮದಿಯಾಯಿತು.

ಬಿಡಾರ ಹೂಡುವುದಕ್ಕೂ ಒಂದು ಶಾಸ್ತ್ರವಿದೆ. ಗಾರೆಯವರಂತೆ ರಸಮಟ್ಟ ಇಟ್ಟು, ತಗ್ಗಾದ ಚಕ್ರದಡಿ ಹಲಗೆ ಕೊಟ್ಟು, ಪೆಟ್ಟಿಗೆಯನ್ನು ಸಮಮಾಡಬೇಕು. ನಾಲ್ಕು ಮೂಲೆಗೂ ಊರುಗಾಲು ಕೊಡಬೇಕು. ಆಮೇಲೆ ಹಿಡಿಕೆ ತಿರುಗಿಸಿದರೆ, ಒಳಗಿನ ಉಕ್ಕಿನ ಹಗ್ಗಗಳು ನಾಲ್ಕು ಮೂಲೆಯ ಕಂಬಗಳನ್ನೂ ಒಟ್ಟಿಗೆ ಮೇಲೆತ್ತುತ್ತವೆ, ಮಾಡು ಏರುತ್ತದೆ. ಎರಡು ತುದಿಗಳಿಂದ ಮಂಚಗಳನ್ನು ಹೊರಕ್ಕೆಳೆದು, ಕ್ಯಾನ್ವಾಸಿನ ಗೋಡೆಯನ್ನು ಬಿಗಿದರೆ ಗೃಹಪ್ರವೇಶ ಸಿದ್ಧ. ಆತುರಗಾರನಾದ ನಾನು ರಸಮಟ್ಟಕ್ಕೆ ಮೊದಲೇ ಹಿಡಿಕೆ ತಿರುಗಿಸಹೊರಟು, ಸೋದರಳಿಯನಿಂದ ಬೈಸಿಕೊಂಡೆ. "ಮಾಮ, ಕಂಬ ಸೊಟ್ಟಗಾದರೆ ಮಾಡು ಇಳಿಯೋದೇ ಇಲ್ಲ!" ಅಕ್ಕ ಗ್ಯಾಸಿನ ಒಲೆಯ ಮೇಲೆ ಉಪ್ಪಿಟ್ಟು ಕೆದಕುತ್ತ ನಕ್ಕಳು. "ಈ ಮನೆಯಲ್ಲಿ ಮಡಿ ಇಲ್ಲ ಕಣೋ, ಮಡಿಕೆ ಮಾತ್ರ."

ಆ ಹುಡುಗ ಶಾಲೆಯ ಕೊನೆಯ ವರ್ಷಕ್ಕೆ ಕಾಲಿಡುವವನಿದ್ದ. ಊರಿನ ಮನೆಯಲ್ಲಿ ಅವನ ದರ್ಶನವೇ ಅಪರೂಪ. ಅವನದೊಂದು ಕೋಣೆ, ತಂದೆಯದೊಂದು ಕೋಣೆ. ನಡುವೆ ಎರಡು ಬಾಗಿಲು. ಎಂಜಿನಿಯರಿಂಗ್ ಎಂಬ ಶಬ್ದ ಬಂದರೆ ಎರಡೂ ಮುಚ್ಚಿಕೊಳ್ಳುತ್ತಿದ್ದವು. ಇಲ್ಲಿಯಾದರೋ ಅವನು ಬೇರೆಯೇ ಹುಡುಗ. ಹೊರಗಿನ ಸೌದೆಯನ್ನು ಅಲ್ಲಿಗೆ ತರಬಾರದೇಕೆಂದು ನಾನು ಕೇಳಿದ್ದೇ ತಡ, ಅರ್ಧ ಗಂಟೆ ಹೇಳಿದ. ಏಷ್ಯಾದಿಂದ ಬಂದ ಪಚ್ಚೆಬಣ್ಣದ ದುಂಬಿಯೊಂದು 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾಯಿತಂತೆ. ಅದರ ಮರಿಹುಳು ಆ್ಯಶ್ ಮರದ ತೊಗಟೆಯಡಿ ಕೊರೆದು, ನೀರೇರುವ ದಾರಿಯನ್ನೇ ಕಡಿಯುತ್ತದೆ. ಕೋಟ್ಯಂತರ ಮರಗಳು ಸತ್ತವು; ಸೌದೆಯೊಡನೆ ಹುಳುವೂ ಪಯಣಿಸುತ್ತದೆ. ಭಾವ ಬೆಂಕಿಯನ್ನೇ ನೋಡುತ್ತ ಕೇಳಿಸಿಕೊಂಡರು.

ಮೂರನೆಯ ರಾತ್ರಿ ಮಳೆ ಹಿಡಿಯಿತು. ಕ್ಯಾನ್ವಾಸಿನ ಮೇಲೆ ಹನಿ ಬೀಳುವ ಸದ್ದಿಗೆ ಯಾರಿಗೂ ನಿದ್ದೆಯಿಲ್ಲ. ಒಂದು ತುದಿಯ ಮಂಚದಲ್ಲಿ ಅಕ್ಕ, ಭಾವ; ಇನ್ನೊಂದು ತುದಿಯಲ್ಲಿ ನಾನು; ನಡುವಿನ ಬೆಂಚಿನ ಮೇಲೆ ಹುಡುಗ. ಕತ್ತಲಲ್ಲಿ ಅವನ ದನಿ ಕೇಳಿಸಿತು.

"ಅಪ್ಪಾ, ನನಗೆ ಎಂಜಿನಿಯರಿಂಗ್ ಬೇಡ. ಕಾಡಿನ ಬಗ್ಗೆ ಓದ್ತೀನಿ."

ಯಾರೂ ಉಸಿರೆತ್ತಲಿಲ್ಲ. ಎದ್ದು ಹೋಗೋಣವೆಂದರೆ ಹೊರಗೆ ಮಳೆ. ಬಾಗಿಲು ಹಾಕಿಕೊಳ್ಳೋಣವೆಂದರೆ ಒಳಗೆ ಬಾಗಿಲೇ ಇಲ್ಲ. ನಾನು ನಿದ್ದೆಯ ನಟನೆ ಮಾಡಿದೆ. ಬಹಳ ಹೊತ್ತಿನ ಮೇಲೆ ಭಾವ, "ಎಷ್ಟು ದಿನದಿಂದ ಹೀಗನ್ನಿಸುತ್ತಿದೆ?" ಎಂದರು. ಹುಡುಗ ಹೇಳತೊಡಗಿದ. ಭಾವ ನಡುವೆ ಬಾಯಿ ಹಾಕಲಿಲ್ಲ. ನಟನೆಯಲ್ಲಿದ್ದ ನನಗೆ ಅದು ಯಾವಾಗಲೋ ನಿಜವಾದ ನಿದ್ದೆಯೇ ಆಯಿತು.

ಬೆಳಗ್ಗೆ ಬಿಸಿಲು ಬಂದರೂ ಬಟ್ಟೆ ಒದ್ದೆ. ಹಸಿಯಾಗಿ ಮಡಿಚಿದರೆ ಬೂಷ್ಟು ಹಿಡಿದು ಕ್ಯಾನ್ವಾಸು ಹಾಳಾಗುತ್ತದೆ. ಒಣಗುವವರೆಗೆ ಕಾಯಬೇಕು. ತಂದೆ ಮಗ ಇಬ್ಬರೂ 1867ರ ದೀಪಸ್ತಂಭದವರೆಗೆ ಮರಳಿನಲ್ಲಿ ನಡೆದು ಬರುತ್ತೇವೆಂದು ಹೊರಟರು. ಹಿಂದಿರುಗುವಾಗ ಮಧ್ಯಾಹ್ನ. ದಾರಿಯಲ್ಲಿ ಏನು ಮಾತಾಡಿದರೋ ನಾನು ಕೇಳಲಿಲ್ಲ. ಅಕ್ಕನೂ ಕೇಳಲಿಲ್ಲ, ಇಬ್ಬರಿಗೂ ಮತ್ತೊಮ್ಮೆ ಉಪ್ಪಿಟ್ಟು ಬಡಿಸಿದಳು.

2024ರಲ್ಲಿ ಹುಡುಗ ಅರಣ್ಯಶಾಸ್ತ್ರಕ್ಕೆ ಸೇರಿದ. ಫೋನಿನಲ್ಲಿ ಭಾವನನ್ನು, "ಕ್ಯಾಂಪರ್ ಎಷ್ಟಕ್ಕೆ ಹೋಯಿತು?" ಎಂದು ವಿಚಾರಿಸಿದೆ.

"ಮಾರಲಿಲ್ಲ ಕಣಯ್ಯ. ಕಾಡು ಓದುವವನಿಗೆ ಬಿಡಾರ ಬೇಡವೆ?" ಎಂದರು ಭಾವ. ಸ್ವಲ್ಪ ತಡೆದು ಸೇರಿಸಿದರು: "ಹೋದ ವಾರ ಹಿತ್ತಲಲ್ಲಿ ಬಿಚ್ಚಿ ಬಿಸಿಲಿಗೆ ಹಾಕಿದ್ದೆವು. ನಿಮ್ಮಕ್ಕನೂ ನಾನೂ ಆ ರಾತ್ರಿ ಅದರಲ್ಲೇ ಮಲಗಿಬಿಟ್ಟೆವು."