ಹೆಣ ಬಿದ್ದಾಗ ಚಪ್ಪಾಳೆ ತಟ್ಟುವ ಕ್ರೈಸ್ತರಿಗೆ

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ಕಾಡುಗಳ್ಳ ವೀರಪ್ಪನ್ ಪೊಲೀಸರ ಗುಂಡಿಗೆ ಬಲಿಯಾದಾಗ ಮೈಸೂರಿನಲ್ಲಿ ನವರಾತ್ರಿ ನಡೆಯುತ್ತಿತ್ತು. ಈ ಸೀಮೆ ನಿಟ್ಟುಸಿರು ಬಿಟ್ಟಿತು, ಬಿಡಲೇಬೇಕಿತ್ತು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಅವರನ್ನು ಕೊಂದವನು ಅವನು. ಮಾಜಿ ಸಚಿವ ಎಚ್. ನಾಗಪ್ಪ ಅವನು ಅಪಹರಿಸಿದ ಮೇಲೆ ಹೆಣವಾಗಿ ಸಿಕ್ಕರು. ಅಂಥವನ ಉಪಟಳ ಮುಗಿಯಿತೆಂಬ ಸಮಾಧಾನದಲ್ಲಿ ತಪ್ಪೇನೂ ಇಲ್ಲ. ಆದರೆ ಸತ್ತವನ ಮುಖ ನೋಡಿ ಹಿಗ್ಗುವುದು ಬೇರೆಯೇ ಸಂಗತಿ. ಆ ಹಿಗ್ಗು ಈಗ ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಭಾನುವಾರದ ಬಲಿಪೂಜೆ ಮುಗಿಸಿ ಬಂದ ಕೈಗಳೇ ಮಧ್ಯಾಹ್ನದ ಹೊತ್ತಿಗೆ ವಾಟ್ಸಾಪ್‌ನಲ್ಲಿ ‘ಎನ್‌ಕೌಂಟರ್ ಮಾಡಿ ಬಿಸಾಕಿ’ ಎಂದು ಬರೆಯುತ್ತಿವೆ. ನನ್ನ ತಕರಾರು ಅವರೊಂದಿಗೆ.

2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ ಊರೆಲ್ಲ ‘ಹೈದರಾಬಾದ್ ಮಾದರಿ’ ಬೇಕೆಂದಿತು. ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರೂ ಅದನ್ನೇ ಹೇಳಿದರು. ಪೊಲೀಸರು ಮಾತ್ರ ತನಿಖೆ ಮಾಡಿದರು, ಕೆಲವೇ ದಿನಗಳಲ್ಲಿ ತಮಿಳುನಾಡಿನಿಂದ ಆರೋಪಿಗಳನ್ನು ಹಿಡಿದು ತಂದರು. ಆ ಮಾದರಿ ಎಂಥದೆಂದು ಮರುವರ್ಷ ಗೊತ್ತಾಯಿತು. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಎನ್‌ಕೌಂಟರಿನಲ್ಲಿ ಸತ್ತ ನಾಲ್ವರು ಅತ್ಯಾಚಾರ ಆರೋಪಿಗಳ ಮೇಲೆ ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದರೆಂದು ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪೂರ್ಕರ್ ಆಯೋಗ 2022ರಲ್ಲಿ ವರದಿ ಕೊಟ್ಟಿತು. ಅವರಲ್ಲಿ ಮೂವರು ಅಪ್ರಾಪ್ತರೆಂದೂ ಹೇಳಿತು. ವರದಿ ಬರುವ ಹೊತ್ತಿಗೆ ಹೂಮಳೆ ಸುರಿಸಿಯಾಗಿತ್ತು, ಸಿಹಿ ಹಂಚಿಯಾಗಿತ್ತು. ಅಷ್ಟಾದರೂ ಪಾಠ ಕಲಿತೆವೇ? 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಪುಟ್ಟ ಮಗುವೊಂದರ ಕೊಲೆ ಆರೋಪಿ ಅದೇ ದಿನ ಪೊಲೀಸ್ ಗುಂಡಿಗೆ ಸತ್ತಾಗ ಮತ್ತೆ ಜೈಕಾರ ಕೇಳಿಬಂತು.

ಇಲ್ಲಿ ಕೆಲವರು ಬೈಬಲ್ ತೆರೆದು, ಸಂತ ಪೌಲರು ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯ ತೋರಿಸುತ್ತಾರೆ: ಆಳುವವರ ಕೈಯಲ್ಲಿ ಕತ್ತಿ ಸುಮ್ಮನೆ ಇಲ್ಲವಂತೆ. ಸರಿ, ಒಂದು ಪುಟ ಹಿಂದಕ್ಕೆ ಹೋಗಿ. 12ನೇ ಅಧ್ಯಾಯದಲ್ಲಿ ಅದೇ ಪೌಲರು ಸೇಡನ್ನು ದೇವರಿಗೆ ಬಿಡಲು ಹೇಳಿ, ಹಸಿದ ವೈರಿಗೆ ಊಟ ಹಾಕಲು ಹೇಳುತ್ತಾರೆ. ಕತ್ತಿಯ ಮಾತನ್ನೇ ಒಪ್ಪಿಕೊಂಡರೂ ಅದು ಕಾನೂನಿನ ಕತ್ತಿ. ವಿಚಾರಣೆ, ಸಾಕ್ಷಿ, ತೀರ್ಪು ಯಾವುದೂ ಇಲ್ಲದ ಗುಂಡಿಗೆ ಪೌಲರ ಸಹಿ ಹಾಕಿಸಬೇಡಿ. ದುಷ್ಟನ ಸಾವಿನಲ್ಲಿ ದೇವರಿಗೇ ಸಂತೋಷವಿಲ್ಲವೆಂದು ಯೆಹೆಜ್ಕೇಲ ಪ್ರವಾದಿ ಸಾರಿದ್ದಾರೆ. ದೇವರಿಗಿಲ್ಲದ ಸಂತೋಷ ನಮಗೆ ಎಲ್ಲಿಂದ ಬಂತು?

ಧರ್ಮಸಭೆಯ ಕೈಯೂ ಶುದ್ಧವಾಗಿರಲಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ. ಪೋಪರ ಆಳ್ವಿಕೆಯ ನಾಡಿನಲ್ಲೇ 19ನೇ ಶತಮಾನದವರೆಗೆ ತಲೆಗಳು ಉರುಳಿದವು. ವ್ಯಾಟಿಕನ್ ನಗರ ಮರಣದಂಡನೆಯನ್ನು ಕೈಬಿಟ್ಟದ್ದು 1969ರಲ್ಲಿ. 2018ರ ಆಗಸ್ಟ್‌ನಲ್ಲಿ ಪೋಪ್ ಫ್ರಾನ್ಸಿಸ್ ಧರ್ಮೋಪದೇಶ ಗ್ರಂಥವನ್ನೇ ತಿದ್ದಿಸಿ, ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಬರೆಸಿದರು. ಇಷ್ಟು ತಡವಾಗಿ, ಇಷ್ಟು ರಕ್ತ ಹರಿದ ಮೇಲೆ ಕಲಿತದ್ದನ್ನು ನಾವು ವಾರದ ಆಕ್ರೋಶಕ್ಕೆ ಮರೆಯಬಾರದು.

ಇದು ದೂರದ ರೋಮಿನ ಮಾತು ಎನ್ನುವವರು ಪಾಲಾರ್ ನೆನೆಯಲಿ. 1993ರ ಏಪ್ರಿಲ್ 9ರಂದು ಅಲ್ಲಿ ವೀರಪ್ಪನ್ ತಂಡದ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ಬಹುತೇಕ ಆರೋಪಿಗಳನ್ನು ಬಿಟ್ಟು ಕೆಲವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೊತ್ತು ಹೋದ ನಾಲ್ವರಿಗೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿತು: ಸೈಮನ್, ಬಿಲವೇಂದ್ರನ್, ಜ್ಞಾನಪ್ರಕಾಶ್, ಮೀಸೆಕಾರ ಮಾದಯ್ಯ. ಒಂಬತ್ತು ವರ್ಷ ಕಾದ ಕ್ಷಮಾದಾನದ ಅರ್ಜಿ 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಅದೇ ಸುಪ್ರೀಂ ಕೋರ್ಟ್, ಆ ವಿಳಂಬವೇ ಅನ್ಯಾಯವೆಂದು ಹೇಳಿ ಗಲ್ಲನ್ನು ಜೀವಾವಧಿಗೆ ಇಳಿಸಿತು. ಯಾರೂ ಆ ದಿನ ಜೈಲಿನಿಂದ ಹೊರಗೆ ನಡೆದು ಬರಲಿಲ್ಲ. ದಯೆ ಎಂದರೆ ಬಿಡುಗಡೆ ಎಂದು ಕೂಗುವವರು ಇದನ್ನು ಗಮನಿಸಬೇಕು.

ನಾಲ್ವರಲ್ಲಿ ಮೂವರ ಹೆಸರು ನಮ್ಮ ಜ್ಞಾನಸ್ನಾನದ ಪುಸ್ತಕದಲ್ಲಿ ಕಾಣುವಂಥವು. ಅದಕ್ಕೇ ನನ್ನ ಮುಂದಿನ ಮಾತು ಖಾರವಾಗಿದೆ. ಹೆಸರು ನೋಡಿ ಮರುಗುವುದು ಜಾತಿಪ್ರೇಮ. ಸೈಮನ್‌ಗೆ ಬೇಡಿದ ಜೀವವನ್ನು ಮಾದಯ್ಯನಿಗೂ ಬೇಡಬೇಕು, ಬೆಟ್ಟದ ತಪ್ಪಲಿನ ಆರೋಪಿಗಳಿಗೂ ಬೇಡಬೇಕು. ಜೊತೆಗೆ, ಪಾಲಾರ್‌ನಲ್ಲಿ ಸತ್ತ ಆ 22 ಮಂದಿಯ ಮನೆಗಳನ್ನು ಮರೆತು ಗಲ್ಲಿನ ವಿರುದ್ಧ ಮಾತಾಡುವವರ ದಯೆ ಬಹಳ ಅಗ್ಗದ್ದು. ಪೋಷಕನನ್ನು ಕಳೆದುಕೊಂಡ ಮನೆಗೆ ಪರಿಹಾರ ಸಿಕ್ಕಿತೇ, ಮಕ್ಕಳ ಓದು ಸಾಗಿತೇ ಎಂದು ವಿಚಾರಿಸದವರು ಅವರ ಪರವಾಗಿ ಕ್ಷಮಿಸಲು ಹೊರಡಬಾರದು.

‘ನಿಮ್ಮ ಮನೆಯಲ್ಲೇ ಆಗಿದ್ದರೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆ. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳನ್ನು ಬೆಂಕಿಯಲ್ಲಿ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಅದಕ್ಕೆ ಉತ್ತರ ಕೊಟ್ಟಿದ್ದಾರೆ: ಕೊಂದವರನ್ನು ಕ್ಷಮಿಸಿದರು, ಮೊಕದ್ದಮೆಗೆ ಅಡ್ಡ ಬರಲಿಲ್ಲ. ಮುಖ್ಯ ಅಪರಾಧಿ ದಾರಾ ಸಿಂಗ್ ಗಲ್ಲಿಗೇರಲಿಲ್ಲ, ಜೀವಾವಧಿ ಶಿಕ್ಷೆಗೆ ಗುರಿಯಾದ. ನೊಂದವರೆಲ್ಲ ಅವರಂತೆ ಕ್ಷಮಿಸಬೇಕೆಂದು ಹೇಳುವ ಹಕ್ಕು ನನಗಿಲ್ಲ. ತಾಯಿಯೊಬ್ಬಳು ಸಿಟ್ಟಿನಲ್ಲಿ ಸಾವನ್ನೇ ಬೇಡಿದರೆ ನಾನು ತಲೆ ತಗ್ಗಿಸಿ ಕೇಳುತ್ತೇನೆ. ಏನೂ ಕಳೆದುಕೊಳ್ಳದೆ, ಮೊಬೈಲ್ ಹಿಡಿದು ಕೂತು ಹೆಣ ಬೇಡುವವರಿಗೆ ಆ ರಿಯಾಯಿತಿ ಇಲ್ಲ.

ಮೈಸೂರು ಧರ್ಮಪ್ರಾಂತ್ಯದ ಗುರುಗಳಲ್ಲಿ, ಸಿಎಸ್ಐ ಸಭೆಗಳ ಪಾಸ್ಟರ್‌ಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಊರು ಎನ್‌ಕೌಂಟರ್ ಕೇಳಿದಾಗ ಆ ವಾರದ ಪ್ರಸಂಗದಲ್ಲೇ ಬೇಡ ಎನ್ನಿ. ಸಂತ ಫಿಲೋಮಿನಾ ದೇವಾಲಯದಲ್ಲಿ ಮೊದಲು ನೊಂದವರಿಗಾಗಿ ಪ್ರಾರ್ಥಿಸಿ, ಆಮೇಲೆ ಆರೋಪಿಗಾಗಿಯೂ ಪ್ರಾರ್ಥಿಸಿ. ಕೆಲವರು ಎದ್ದು ಹೊರನಡೆಯಬಹುದು. ನಡೆಯಲಿ.