ಬಾಗಿಲು ಯಂತ್ರ ಕೊಳ್ಳುವ ಮುನ್ನ

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಮಿಲ್ಲು, ಹೋಟೆಲು ಬಿಟ್ಟು ಸಣ್ಣ ಮರಗೆಲಸದ ಅಂಗಡಿ ಇಡಬೇಕೆನ್ನುವ ಬಂಧುಗಳು, ಕಪಾಟಿನ ಬಾಗಿಲು ಮಾಡುವ ಯಂತ್ರ ಕೊಳ್ಳೋಣವೇ ಎಂದು ಕೇಳುತ್ತಾರೆ. ಕೊಳ್ಳಿರಿ, ಆದರೆ ಗ್ರಾಚ್ಯುಟಿ ಹಣವನ್ನೆಲ್ಲ ಸುರಿದು ಒಬ್ಬರೇ ಕೊಳ್ಳಬೇಡಿರಿ ಎಂಬುದು ನನ್ನ ಅಭಿಪ್ರಾಯ.

ಈ ಯಂತ್ರ ಚೌಕಟ್ಟಿನ ಉದ್ದಪಟ್ಟಿಯಲ್ಲಿ ಸಣ್ಣ ಕಾಲುವೆ ತೋಡುತ್ತದೆ. ಅಡ್ಡಪಟ್ಟಿಯ ತುದಿಯನ್ನು ಅದರಲ್ಲಿ ಕೂರುವಂತೆ ಕೊರೆಯುತ್ತದೆ. ಬೇರೇನನ್ನೂ ಹೆಚ್ಚಾಗಿ ಮಾಡದು. ಗಿರಾಕಿ ಪ್ಲೈವುಡ್ಡಿಗೆ ಸನ್‌ಮೈಕಾ ಅಂಟಿಸಿದ ಸಪಾಟು ಬಾಗಿಲು ಕೇಳಿದರೆ ಗರಗಸವೇ ಸಾಕು, ಯಂತ್ರ ಸುಮ್ಮನೆ ನಿಲ್ಲುತ್ತದೆ. ಕಂತು ಸುಮ್ಮನಿರುತ್ತದೆಯೇ? ದಿನಕ್ಕೆ ಇಪ್ಪತ್ತು ದೋಸೆ ಹೋಗುವ ಹೋಟೆಲಿಗೆ ಮದುವೆಮನೆಯ ರುಬ್ಬುವ ಯಂತ್ರ ತಂದ ಹಾಗೆ! ಮೊದಲು ಆರು ತಿಂಗಳು ಬಾಗಿಲುಗಳನ್ನು ಲೆಕ್ಕ ಹಾಕಿರಿ.

ಯಂತ್ರವಿದ್ದ ಮಾತ್ರಕ್ಕೆ ಕಸಬು ಬಾರದು. ನಡುವಿನ ಮರದ ಹಲಗೆಗೆ ಅಂಟು ಹಾಕಿ ಬಿಗಿದರೆ ಸೂರತ್ತಿನ ಮಳೆಗಾಲದಲ್ಲಿ ಅದು ಉಬ್ಬಿ ಚೌಕಟ್ಟಿನ ಕೀಲನ್ನೇ ಬಿಡಿಸುತ್ತದೆ.

2023ರ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ನೂರಕ್ಕೆ 5ರ ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ರೂಪಾಯಿವರೆಗೆ ಸಾಲ ಗೊತ್ತುಮಾಡಿದ್ದಾರೆ. ಅದು ಮನೆತನದ ಬಡಗಿ ಕೆಲಸವನ್ನು ಕೈಯಾರೆ ಮಾಡುತ್ತಿರುವವರಿಗೆ. ನಿನ್ನೆ ಮಿಲ್ಲು ಬಿಟ್ಟವರಿಗಲ್ಲ. ಉಳಿದವರು ಮೂರು ಅಂಗಡಿಯವರು ಕೂಡಿ ಒಂದು ಯಂತ್ರ ಕೊಂಡು, ಬಾಗಿಲಿಗೆ ಇಂತಿಷ್ಟೆಂದು ಬಾಡಿಗೆ ಹಂಚಿಕೊಳ್ಳಲಿ. ಅಹಮದಾಬಾದಿನಲ್ಲೇ ಮರಗೆಲಸದ ಯಂತ್ರ ತಯಾರಿಸುವವರಿದ್ದಾರೆ; ನಿಮ್ಮದೇ ಮರ ಒಯ್ದು ಎದುರಿಗೇ ಕೊರೆಸಿ ನೋಡಿರಿ. ತಿರುಗುವ ಅಲಗಿಗೆ ಕವಚವಿಲ್ಲದಿದ್ದರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಹಿಂದಿರುಗಿ ಬನ್ನಿರಿ. ಹೋದ ಬೆರಳಿಗೆ ಸ್ವಂತ ಅಂಗಡಿಯಲ್ಲಿ ಪರಿಹಾರ ಕೊಡುವ ಮಾಲೀಕನಿಲ್ಲ.